ಚೀಟಿ ಇರಲಿ ಬಿಡಿ, ಠಸ್ಸೆ ಉಳಿಸಿ

ಇಲ್ಲಿ ಏನಾದರೂ ಬರೆದು ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸ್ ಗಲಾಟೆ, ಅದು ಮುಗಿಯೋ ಹೊತ್ತಿಗೆ ಊರಿಗೆ ಹೋಗಿ ಬಂದೆ. ಒಂದಿಬ್ಬರು ಗೆಳೆಯರು "ಏನಪ್ಪಾ, ಬರೆಯೋದು ಬಿಟ್ಟೇಬಿಟ್ಯಾ?" ಅಂತ ಕೇಳಿದರು. ಬಿಟ್ಟಿಲ್ಲ. ಬರೆಯೋಕೆ ಒಂದು ವಿಷಯ ಇತ್ತು, ಆದರೆ ಅದನ್ನ ಬರೀಬೇಕಾದರೆ ಮೊದಲು ನನ್ನದೇ ಒಂದು ತಪ್ಪನ್ನ ಒಪ್ಪಿಕೊಳ್ಳಬೇಕಿತ್ತು. ಅದಕ್ಕೇ ಮುಂದೂಡ್ತಾ ಬಂದೆ. ಇವತ್ತು ಒಪ್ಪಿಕೊಂಡುಬಿಡ್ತೀನಿ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಸ್ಟಾಂಪ್ ಸಂಗ್ರಹದ ಹುಚ್ಚು ಹತ್ತಿತ್ತು. ಎಲ್ಲರ ಹತ್ತಿರಾನೂ ಒಂದೊಂದು ಆಲ್ಬಂ. ನನ್ನದರಲ್ಲಿ ಮಾತ್ರ ಬರೀ ಗಾಂಧಿ, ನೆಹರು. ಬೇಸಿಗೆ ರಜೆಗೆ ಬಿಜಾಪುರದ ಹತ್ತಿರ ಇರೋ ನಮ್ಮ ಹಳ್ಳಿಗೆ ಹೋದಾಗ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಒಳಗೆ ನಮ್ಮ ಅಜ್ಜನ ಅಪ್ಪನ (ನಾವು ಮುತ್ಯಾ ಅಂತ ಕರೆಯೋದು) ಕಾಗದಗಳು. ಮುತ್ಯಾ 1930 ಮತ್ತು 40ರ ದಶಕಗಳಲ್ಲಿ ಬಾಂಬೆಯ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರು ಊರಿಗೆ ಬರೆದ ಪತ್ರ, ಊರಿನಿಂದ ಅವರಿಗೆ ಹೋದ ಪತ್ರ, ಎಲ್ಲವನ್ನೂ ದಾರದಲ್ಲಿ ಕಟ್ಟಿ ಇಟ್ಟಿದ್ದರು. ಲಕೋಟೆಗಳ ಮೇಲೆ ರಾಜರ ತಲೆ ಇರೋ ಸ್ಟಾಂಪು! ನನಗೆ ಲಾಟರಿ ಹೊಡೆದ ಹಾಗಾಯ್ತು.

ಏನು ಮಾಡಿದೆ ಗೊತ್ತಾ? ಬಚ್ಚಲುಮನೆಯಿಂದ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ತಂದು, ನಲವತ್ತಕ್ಕೂ ಹೆಚ್ಚು ಲಕೋಟೆಗಳನ್ನ ಅದರಲ್ಲಿ ಮುಳುಗಿಸಿಟ್ಟೆ. ಅರ್ಧ ಗಂಟೆಯಲ್ಲಿ ಸ್ಟಾಂಪು ಬಿಟ್ಟುಕೊಂಡವು. ಅವನ್ನ ಪೇಪರಿನ ಮೇಲೆ ಒಣಗಿಸಿ ಆಲ್ಬಮಿಗೆ ಅಂಟಿಸಿದೆ. ಶಾಯಿ ಕರಗಿ ನೀಲಿಯಾದ ಆ ನೀರು, ಆ ಒದ್ದೆ ಲಕೋಟೆಗಳು ಎರಡೂ ಹಿತ್ತಿಲ ತಿಪ್ಪೆಗೆ ಹೋದವು. ಯಾರೂ ಬೈಯಲಿಲ್ಲ. "ಹುಡುಗ ಏನೋ ಛಲೋ ಹವ್ಯಾಸ ಹಚ್ಕೊಂಡಾನ" ಅಂತ ಅಜ್ಜಿ ಖುಷಿ ಪಟ್ಟಳು.

ಆ ಆಲ್ಬಂ ಈಗಲೂ ಇದೆ. ಅದರಲ್ಲಿರೋ ಐದನೇ ಜಾರ್ಜ್, ಆರನೇ ಜಾರ್ಜ್ ಸ್ಟಾಂಪುಗಳು ಹಳೇ ಸ್ಟಾಂಪಿನ ಅಂಗಡಿಗಳಲ್ಲಿ ರಾಶಿ ರಾಶಿ ಸಿಗುತ್ತವೆ, ಹತ್ತಿಪ್ಪತ್ತು ರೂಪಾಯಿಗೆ. ನಾನು ಬಚ್ಚಲು ನೀರಿಗೆ ಹಾಕಿದ್ದು ಮಾತ್ರ ಪ್ರಪಂಚದಲ್ಲಿ ಒಂದೇ ಒಂದು ಪ್ರತಿ ಇದ್ದದ್ದು. ಅದು ವಾಪಸ್ ಬರಲ್ಲ.

ಇಷ್ಟು ಪೀಠಿಕೆ ಯಾಕಂದರೆ, ಇವತ್ತು ನಾನು ಹೇಳಬೇಕಾಗಿರೋದು ಒಂದೇ ಮಾತು. ಹಳೇ ಲಕೋಟೆ, ಕಾರ್ಡು ಸಿಕ್ಕರೆ ಸ್ಟಾಂಪು ಕೀಳಬೇಡಿ. ಸ್ಟಾಂಪಿಗಿಂತ ಅದರ ಮೇಲೆ ಬಿದ್ದ ಠಸ್ಸೆ ದೊಡ್ಡದು.

*

ಠಸ್ಸೆ ಅಂದರೆ ಅಂಚೆ ಮುದ್ರೆ. ನಮ್ಮ ಕಡೆ ಪೋಸ್ಟಿನವರು ಟಪಾಲಿನ ಮೇಲೆ ಠಸ್ಸೆ ಹೊಡೀತಾರೆ ಅಂತಾನೇ ಹೇಳೋದು. (ಮೈಸೂರಿನ ಕಡೆಯವರಿಗೆ ಅದು ಅಂಚೆ, ನಮಗೆ ಟಪಾಲು. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯ್ತು. ನಾವು ಬಿಜಾಪುರ, ಧಾರವಾಡ, ಬೆಳಗಾವಿಯವರು 1956ರವರೆಗೂ ಬಾಂಬೆಯ ಆಡಳಿತದ ಕೆಳಗೇ ಇದ್ದೆವು.)

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಠಸ್ಸೆ ಅಂದರೆ ಲಾಗ್ ಎಂಟ್ರಿ. ಒಂದು ಈಮೇಲಿನ ಹೆಡರ್ ತೆಗೆದು ನೋಡಿದರೆ ಅದು ಯಾವ ಸರ್ವರಿಗೆ ಎಷ್ಟು ಗಂಟೆಗೆ ಬಂತು, ಅಲ್ಲಿಂದ ಎಲ್ಲಿಗೆ ಹೋಯ್ತು ಅಂತ ಸಾಲಾಗಿ ಇರುತ್ತಲ್ಲ, ಥೇಟ್ ಹಾಗೇ. ಹಾಕಿದ ಊರಿನ ಪೋಸ್ಟಾಫೀಸು ಒಂದು ಠಸ್ಸೆ. ರೈಲಿನಲ್ಲಿ ಟಪಾಲು ವಿಂಗಡಿಸುವ ಆರ್‌ಎಂಎಸ್‌ನವರದ್ದು ಕೆಲವು ಸಲ ಇನ್ನೊಂದು. ಮುಟ್ಟಿದ ಊರಿನಲ್ಲಿ ಹಂಚೋಕೆ ಕೊಡುವಾಗ ಮತ್ತೊಂದು. ಪ್ರತಿಯೊಂದರಲ್ಲೂ ಊರು, ತಾರೀಖು, ಎಷ್ಟೋ ಸಲ ಹೊತ್ತು ಕೂಡ. ನಾವು ದಿನಾ ಬಾಯಲ್ಲಿ ಹೇಳೋ ಟೈಮ್‌ಸ್ಟ್ಯಾಂಪ್ ಅನ್ನೋ ಪದ ಕೂಡ ಇಂಥ ಠಸ್ಸೆಯ ಲೋಕದಿಂದಲೇ ಬಂದದ್ದು.

ಠಸ್ಸೆಗೆ ಸ್ಟಾಂಪಿಗಿಂತ ವಯಸ್ಸೂ ಜಾಸ್ತಿ. ಲಂಡನ್ನಿನಲ್ಲಿ ಹೆನ್ರಿ ಬಿಷಪ್ ಅನ್ನೋ ಪೋಸ್ಟ್‌ಮಾಸ್ಟರ್ ಜನರಲ್ 1661ರಲ್ಲೇ ತಾರೀಖಿನ ಠಸ್ಸೆ ಶುರು ಮಾಡಿದ. ಪತ್ರ ತಡ ಆಗ್ತಿದೆ ಅನ್ನೋ ಜನರ ದೂರಿಗೆ ಅವನು ಕಂಡುಕೊಂಡ ಉತ್ತರ ಅದು. ಪತ್ರ ಯಾವತ್ತು ತಮ್ಮ ಕೈಗೆ ಬಂತು ಅಂತ ಅದರ ಮೇಲೇ ಒತ್ತಿಬಿಟ್ಟರೆ ಅದನ್ನ ಸುಮ್ಮನೆ ಇಟ್ಟುಕೊಂಡು ಕೂರೋ ಹಾಗಿಲ್ಲ! ಅಂಟಿಸೋ ಸ್ಟಾಂಪು ಬಂದಿದ್ದು 1840ರಲ್ಲಿ. ಅಂದರೆ ಠಸ್ಸೆಯ ಮೊದಲ ಕೆಲಸ ಸ್ಟಾಂಪು ರದ್ದು ಮಾಡೋದಾಗಿರಲಿಲ್ಲ. ತಡವಾಗಿದ್ದು ಎಲ್ಲಿ ಅಂತ ತೋರಿಸೋದೇ ಅದರ ಹುಟ್ಟಿನ ಕಾರಣ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮಲ್ಲಿ ಸಿಂಧ್ ಪ್ರಾಂತ್ಯದಲ್ಲಿ 1852ರಲ್ಲಿ ಮೊದಲು ಸ್ಟಾಂಪು ಬಂತು. ಇಡೀ ದೇಶಕ್ಕೆ ಒಂದೇ ಸ್ಟಾಂಪು ಬಂದಿದ್ದು 1854ರ ಅಕ್ಟೋಬರಿನಲ್ಲಿ. ಕಾಲು ತೊಲದ ಪತ್ರ ಎಷ್ಟೇ ದೂರ ಹೋದರೂ ಅರ್ಧಾಣೆ. ಆಗಿನ ಪದ್ಧತಿ ಹೇಗಿತ್ತು ಅಂದರೆ, ಸ್ಟಾಂಪಿನ ಮೇಲೆ ಹೊಡೀತಿದ್ದ ಠಸ್ಸೆ ಬೇರೆ, ತಾರೀಖಿನ ಠಸ್ಸೆ ಬೇರೆ. ಸ್ಟಾಂಪಿನ ಮೇಲೆ ಬರೀ ಚುಕ್ಕೆಗಳ ಚೌಕ, ಆಮೇಲೆ ಗೆರೆಗಳ ನಡುವೆ ಒಂದು ನಂಬರು. ಊರಿನ ಹೆಸರು, ತಾರೀಖು ಇರೋದು ಲಕೋಟೆಯ ಇನ್ನೊಂದು ಕಡೆ, ಎಷ್ಟೋ ಸಲ ಹಿಂಬದಿಯಲ್ಲಿ. ಎರಡನ್ನೂ ಜೋಡಿಸಿ ಒಂದೇ ಏಟಿಗೆ ಬೀಳೋ ಜೋಡಿ ಠಸ್ಸೆ ಬಂದಿದ್ದು ಆಮೇಲೆ. ಈಗ ಯೋಚನೆ ಮಾಡಿ, ಆ ಕಾಲದ ಲಕೋಟೆಯಿಂದ ಸ್ಟಾಂಪು ಮಾತ್ರ ಕಿತ್ತುಕೊಂಡರೆ ಕೈಗೆ ಬರೋದು ಏನು? ಒಂದು ಕಪ್ಪು ಮಸಿ. ಊರೂ ಇಲ್ಲ, ದಿನವೂ ಇಲ್ಲ.

ಆ ನಂಬರಿನದ್ದೂ ಒಂದು ಕಥೆ. ಬಂಗಾಳ, ಬಾಂಬೆ, ಮದ್ರಾಸ್ ಹೀಗೆ ಸರ್ಕಲ್‌ಗಳಾಗಿ ಹಂಚಿ ಒಂದೊಂದು ಆಫೀಸಿಗೆ ಒಂದೊಂದು ನಂಬರು ಕೊಟ್ಟಿದ್ದರು. ಭಾರತದ ಸ್ಟಾಂಪಿನ ಮೇಲೆ ಬರೀ 124 ಅಂತ ಇದ್ದರೆ ಅದು ಏಡನ್! ಅರೇಬಿಯಾದ ಆ ಬಂದರು ಬಾಂಬೆಯ ಆಡಳಿತಕ್ಕೆ ಸೇರಿತ್ತು, 1937ರವರೆಗೂ ಅಲ್ಲಿ ನಮ್ಮ ಸ್ಟಾಂಪೇ ನಡೀತಿತ್ತು. 'ಬಿ 172' ಇದ್ದರೆ ಸಿಂಗಪುರ, 'ಬಿ 147' ಪೆನಾಂಗ್. ಜಾಲ್ ಕೂಪರ್ ಅನ್ನೋ ಬಾಂಬೆಯ ಹಿರಿಯ ಸಂಗ್ರಾಹಕರು ಈ ಹಳೇ ಠಸ್ಸೆಗಳ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಸ್ಟಾಂಪು ಎಲ್ಲಾ ಕಡೆ ಒಂದೇ. ಅದು ಕರಾಚಿಯದೋ ಕಲ್ಕತ್ತಾದ್ದೋ ಸಿಂಗಪುರದ್ದೋ ಅಂತ ಹೇಳೋದು ಠಸ್ಸೆ ಮಾತ್ರ.

*

ನನಗೆ ಬುದ್ಧಿ ಬಂದಿದ್ದು ಬಹಳ ತಡವಾಗಿ. ಎರಡು ವರ್ಷದ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆ ಅಂತ ಆರು ತಿಂಗಳು ಮುಂಬೈಯಲ್ಲಿದ್ದೆ. ಒಂದು ಶನಿವಾರ ಲೋಕಲ್ ಟ್ರೇನಿನಲ್ಲಿ ಸಿಎಸ್‌ಟಿಗೆ ಹೋಗಿ ಇಳಿದು, ಸ್ಟೇಷನ್ ಹೊರಗೆ ಪಕ್ಕಕ್ಕೆ ನೋಡಿದೆ. ಎದೆ ಝಲ್ಲೆಂದಿತು. ನಮ್ಮೂರ ಗೋಳಗುಮ್ಮಟ!

ಉತ್ಪ್ರೇಕ್ಷೆ ಅಲ್ಲ. ಬಾಂಬೆ ಜಿಪಿಓ ಕಟ್ಟಡದ ಗುಮ್ಮಟಕ್ಕೆ ಬಿಜಾಪುರದ ಗೋಳಗುಮ್ಮಟವೇ ಮಾದರಿ. ಜಾನ್ ಬೆಗ್ ಅನ್ನೋ ಸ್ಕಾಟ್‌ಲೆಂಡಿನ ವಾಸ್ತುಶಿಲ್ಪಿ ಅದರ ನಕ್ಷೆ ಮಾಡಿದ್ದು. 1904ರಲ್ಲಿ ಕೆಲಸ ಶುರುವಾಗಿ 1913ರಲ್ಲಿ ಮುಗೀತು. ಕುರ್ಲಾದ ಕಪ್ಪು ಕಲ್ಲು, ಮಲಾಡಿನ ಹಳದಿ ಕಲ್ಲು. ಖರ್ಚು ಆಗಿನ ಕಾಲಕ್ಕೆ 18 ಲಕ್ಷ ರೂಪಾಯಿಗೂ ಮೇಲೆ. ಒಳಗೆ ಹೋಗಿ ಆ ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಚಿಕ್ಕವನಿದ್ದಾಗ ಗೋಳಗುಮ್ಮಟದಲ್ಲಿ ಪಿಸುಗುಟ್ಟಿ ಆಟ ಆಡಿದ್ದು ನೆನಪಾಯ್ತು. (ಇಲ್ಲೂ ಪ್ರಯತ್ನ ಮಾಡಿದೆ. ಕೌಂಟರಿನಲ್ಲಿದ್ದ ಆಯಮ್ಮ ವಿಚಿತ್ರವಾಗಿ ನೋಡಿದರು :) )

ಆಗ ಹೊಳೆದಿದ್ದು ಇಷ್ಟೇ. ಮುತ್ಯಾ ಊರಿಗೆ ಬರೆದ ಎಷ್ಟೋ ಕಾಗದ ಇದೇ ಗುಮ್ಮಟದ ಕೆಳಗಿಂದ ಹಾದು ಬಂದಿರಬೇಕು. ಊರು ಬಿಟ್ಟು ನಾನೂರು ಕಿಲೋಮೀಟರಿಗೂ ದೂರ ಬಂದ ಮನುಷ್ಯ, ಪೇಟೆಯ ನಡುವೆ ತನ್ನೂರ ಗುಮ್ಮಟದ ಹಾಗೇ ಇರೋ ಗುಮ್ಮಟ ನೋಡಿದಾಗ ಏನನ್ನಿಸಿರಬಹುದು? ಕೇಳೋಕೆ ಅವರಿಲ್ಲ. ಕಾಗದ ಇತ್ತು. ನಾನು ನೀರಿಗೆ ಹಾಕಿದ್ದೆ.

ಅವತ್ತಿನಿಂದ ಬಾಂಬೆ ಠಸ್ಸೆಗಳನ್ನ ಕೂಡಿಡೋಕೆ ಶುರು ಮಾಡಿದೆ. ಫುಟ್‌ಪಾತಿನ ರದ್ದಿ, ಹಳೇ ಸಾಮಾನಿನ ಅಂಗಡಿ, ಸ್ಟಾಂಪು ಪ್ರದರ್ಶನ, ಎಲ್ಲಿ ಸಿಕ್ಕರೂ ಸರಿ. ಬಾಂಬೆ ಅನ್ನೋ ಒಂದೇ ಹೆಸರಿನ ಕೆಳಗೆ ಎಷ್ಟು ಬಗೆ ಅಂತೀರಾ! ಜಿಪಿಓದ್ದೇ ಬೇರೆ. ಕಾಲಬಾದೇವಿ, ಮಾಂಡವಿ, ಗಿರಗಾಂವ್, ಪರೇಲ್, ದಾದರ್ ಅಂತ ಬಡಾವಣೆಯ ಆಫೀಸುಗಳದ್ದೇ ಬೇರೆ. ಹಂಚೋಕೆ ಹೊರಟ ಟಪಾಲಿಗೆ 'ಡೆಲಿ' ಅಂತ ಚಿಕ್ಕದಾಗಿ ಬರೆದ ಠಸ್ಸೆ. ಸ್ಟಾಂಪು ಹಚ್ಚದ ಪತ್ರಕ್ಕೆ ತಗೊಳ್ಳೋರಿಂದ ದುಡ್ಡು ವಸೂಲಿ ಮಾಡಿ ಅನ್ನೋ 'ಬೇರಿಂಗ್' ಠಸ್ಸೆ. ಹೊತ್ತು ಮೀರಿ ಬಂದ ಟಪಾಲಿಗೆ 'ಟೂ ಲೇಟ್' ಅನ್ನೋ ಠಸ್ಸೆ. 1868ರಿಂದ 1914ರವರೆಗೆ ಹಡಗಿನಲ್ಲೇ ಒಂದು ಪೋಸ್ಟಾಫೀಸು ಇತ್ತು, ಸಮುದ್ರದ ಮೇಲೆ ಗುಮಾಸ್ತರು ಕೂತು ವಿಲಾಯತಿ ಟಪಾಲು ವಿಂಗಡಿಸ್ತಾ ಇದ್ದರು. ಅದಕ್ಕೆ 'ಸೀ ಪೋಸ್ಟ್ ಆಫೀಸ್' ಅಂತ ಪ್ರತ್ಯೇಕ ಠಸ್ಸೆ. ಯುದ್ಧದ ಕಾಲದ ಲಕೋಟೆಗಳ ಮೇಲೆ ಸೆನ್ಸಾರಿನವರ ಗುರುತು. 1947ರ ಆಗಸ್ಟ್ 15ಕ್ಕೆ 'ಜೈ ಹಿಂದ್' ಅನ್ನೋ ಠಸ್ಸೆ. ಇನ್ನೂ ಬ್ರಿಟಿಷ್ ರಾಜನ ತಲೆ ಇರೋ ಸ್ಟಾಂಪಿನ ಮೇಲೆ 'ಜೈ ಹಿಂದ್' ಬಿದ್ದಿರೋದನ್ನ ನೋಡಬೇಕು ನೀವು. ಹೊಸ ಸ್ಟಾಂಪು ಅಚ್ಚಾಗಿ ಬರೋ ಮೊದಲೇ ಠಸ್ಸೆಗೆ ಸ್ವಾತಂತ್ರ್ಯ ಬಂದಿತ್ತು!

*

ಈಗ ಆ ಕಾರ್ಡಿನ ವಿಷಯ.

ನನ್ನ ಬಕೆಟ್ ಕಾರ್ಯಾಚರಣೆಯಿಂದ ತಪ್ಪಿಸಿಕೊಂಡವು ಹದಿನೇಳು ಕಾರ್ಡುಗಳು. ತಪ್ಪಿಸಿಕೊಂಡಿದ್ದು ಯಾಕೆ ಗೊತ್ತಾ? ಪೋಸ್ಟ್ ಕಾರ್ಡಿನಲ್ಲಿ ಸ್ಟಾಂಪು ಅಚ್ಚಾಗಿಯೇ ಇರುತ್ತೆ, ನೀರಿಗೆ ಹಾಕಿದರೆ ಬಿಡಲ್ಲ. ನನಗೆ ಪ್ರಯೋಜನ ಇಲ್ಲ ಅಂತ ಟ್ರಂಕಿಗೇ ವಾಪಸ್ ಎಸೆದಿದ್ದೆ. ಈ ಸಲ ಊರಿಗೆ ಹೋದಾಗ ಅವನ್ನ ಕೆಳಗಿಳಿಸಿ, ಒಂದೊಂದನ್ನೂ ಎರಡೂ ಬದಿ ಸ್ಕ್ಯಾನ್ ಮಾಡಿ, ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿದ ದಿನ, ಮುಟ್ಟಿದ ದಿನ ಬರೆದುಕೊಂಡೆ. (ಕಸುಬಿನ ಚಟ.)

ಬಿಜಾಪುರದಿಂದ ಬಾಂಬೆಗೆ ಟಪಾಲು ಹೋಗ್ತಿದ್ದ ದಾರಿ ಹೊಟಗಿ, ಸೋಲಾಪುರದ ಮೇಲೆ ರೈಲಿನಲ್ಲಿ. ನನ್ನ ಕಾರ್ಡುಗಳಲ್ಲಿ ಎರಡೂ ಕಡೆಯ ಠಸ್ಸೆ ಓದೋಕೆ ಬರೋವು ಒಂಬತ್ತು. ಅದರಲ್ಲಿ ಎಂಟು ಕಾರ್ಡು ಎರಡು ಅಥವಾ ಮೂರು ದಿನಕ್ಕೆ ಮುಟ್ಟಿವೆ. ಒಂದೇ ಒಂದು ಕಾರ್ಡು ಮಾತ್ರ ಬೇರೆ. ಬಿಜಾಪುರದ ಠಸ್ಸೆ 12 ಆಗಸ್ಟ್ 1942. ಬಾಂಬೆಯಲ್ಲಿ ಹಂಚೋಕೆ ತೆಗೆದ ಠಸ್ಸೆ 25 ಆಗಸ್ಟ್ 1942. ಹದಿಮೂರು ದಿನ!

ಕಾರ್ಡಿನಲ್ಲಿ ಮೋಡಿ ಬರಹ ಬೆರೆತ ಕನ್ನಡ. ಮುತ್ಯಾನ ಅಣ್ಣ ಬರೆದದ್ದು. ತಾಯಿಗೆ ಬಹಳ ಜಡ್ಡಾಗಿದೆ, ಕಾರ್ಡು ಮುಟ್ಟಿದ ಕೂಡಲೇ ಹೊರಟು ಬಾ ಅಂತ.

ನಮ್ಮ ಮನೆಯಲ್ಲಿ ಈ ಕಥೆ ಎಲ್ಲರಿಗೂ ಗೊತ್ತು. ಮುತ್ಯಾನ ತಾಯಿ ಆ ಶ್ರಾವಣದಲ್ಲೇ ತೀರಿಕೊಂಡರು. ಮುತ್ಯಾ ಬಂದಿದ್ದು ಎಲ್ಲಾ ಮುಗಿದು ಎಷ್ಟೋ ದಿನದ ಮೇಲೆ. "ಕಾರ್ಡ ಹಾಕಿದ್ರೂ ಬರಲಿಲ್ಲ, ಬಾಂಬೇದ ರೊಕ್ಕಾ ಹೆತ್ತ ತಾಯಿಗಿಂತ ಹೆಚ್ಚಾತು" ಅಂತ ಅವರ ಅಣ್ಣ ಊರ ತುಂಬ ಹೇಳಿದರು. ಸಾಯೋ ತನಕ ಅಣ್ಣ ತಮ್ಮ ಮಾತಾಡಲಿಲ್ಲ. ಮನೆ ಎರಡಾಯ್ತು. ನಾನು ಹುಡುಗನಿದ್ದಾಗ ಕೂಡ ಯಾರಾದರೂ ಊರಿಗೆ ತಡವಾಗಿ ಬಂದರೆ "ಬಂದಾ ನೋಡ್ರಿ ಬಾಂಬೆ ಮುತ್ಯಾ" ಅಂತ ಚೇಷ್ಟೆ ಮಾಡೋರು. ಎಲ್ಲರೂ ನಗೋರು. ಅಜ್ಜ ಮಾತ್ರ ಎದ್ದು ಹೊರಗೆ ಹೋಗೋರು. ಯಾಕೆ ಅಂತ ಆಗ ನನಗೆ ಗೊತ್ತಾಗ್ತಿರಲಿಲ್ಲ.

ಅಜ್ಜನಿಗೆ ಈಗ ತೊಂಬತ್ತು. ಕಾರ್ಡನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ.

"ಅಜ್ಜಾ, ಇಲ್ಲಿ ನೋಡ್ರಿ. ಇದು ಬಿಜಾಪುರದಾಗ ಹಾಕಿದ್ದು, ಹನ್ನೆರಡನೇ ತಾರೀಖು. ಇದು ಬಾಂಬೇದಾಗ ಮುಟ್ಟಿದ್ದು, ಇಪ್ಪತ್ತೈದು."

"ಇಪ್ಪತ್ತೈದಂದ್ರ? ಆಯಿ ಹೋಗಿ ಒಂಬತ್ತ ದಿನಾ ಆಗಿತ್ತಲ್ಲೋ."

"ಹೌದ್ರಿ."

ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ "ಅಪ್ಪಾ ಹೇಳತಿದ್ದ. ಕಾರ್ಡ ತಡಾ ಬಂತು ಅಂತ ಹೇಳತಿದ್ದ. ಯಾರೂ ನಂಬಲಿಲ್ಲ" ಅಂದರು. ಇನ್ನೊಂದು ನಿಮಿಷ ಬಿಟ್ಟು, "ನಾನೂ ನಂಬಿರಲಿಲ್ಲ" ಅಂದರು.

ಯಾಕೆ ತಡವಾಯ್ತು ಅಂತ ಠಸ್ಸೆಯಲ್ಲಿ ಬರೆದಿಲ್ಲ. ತಾರೀಖು ನೋಡಿದರೆ ಊಹೆ ಮಾಡಬಹುದು. ಆಗಸ್ಟ್ 8ರ ರಾತ್ರಿ ಬಾಂಬೆಯ ಗೋವಾಲಿಯಾ ಟ್ಯಾಂಕಿನಲ್ಲಿ ಕ್ವಿಟ್ ಇಂಡಿಯಾ ಠರಾವು, 9ರ ಬೆಳಿಗ್ಗೆ ಗಾಂಧೀಜಿ ಬಂಧನ. ಆಮೇಲಿನ ವಾರಗಳಲ್ಲಿ ದೇಶದ ತುಂಬ ಹಳಿ ಕಿತ್ತರು, ತಾರಿನ ತಂತಿ ಕಡಿದರು, ಪೋಸ್ಟಾಫೀಸುಗಳ ಮೇಲೆ ಬಿದ್ದರು. ನಮ್ಮ ಬಾಂಬೆ ಕರ್ನಾಟಕದ ಜಿಲ್ಲೆಗಳಲ್ಲೂ ಇದೆಲ್ಲ ಜೋರಾಗಿತ್ತು. ಆ ಗದ್ದಲದಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ಒಂದು ಟಪಾಲು ಚೀಲ ಹತ್ತು ದಿನ ಬಿದ್ದಿದ್ದರೆ ಆಶ್ಚರ್ಯ ಇಲ್ಲ. ಹಾಗೇ ಆಯ್ತು ಅಂತ ನಾನು ಆಣೆ ಮಾಡಲ್ಲ. ಕಾರ್ಡು ತಡವಾಗಿದ್ದಂತೂ ನಿಜ.

ತಾರು ಯಾಕೆ ಕೊಡಲಿಲ್ಲ ಅಂತಲೂ ಕೇಳಿದೆ. "ತಾರಂದ್ರ ರೊಕ್ಕದ ಮಾತಲ್ಲೋ ತಮ್ಮಾ" ಅಂದರು ಅಜ್ಜ.

ಕಾರ್ಡು ಮುಟ್ಟಿದ ಮೇಲೆ ಮುತ್ಯಾ ಅಣ್ಣನಿಗೆ ಉತ್ತರ ಬರೆದಿದ್ದರಂತೆ, ಲಕೋಟೆಯಲ್ಲಿ. ಅದು ಆ ಟ್ರಂಕಿನಲ್ಲೇ ಇತ್ತಂತೆ. ಈಗಿಲ್ಲ. ಯಾಕಿಲ್ಲ ಅಂತ ನಾನು ಅಜ್ಜನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. "ಸಣ್ಣಂವ ಇದ್ದೀ ಬಿಡು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

*

ಈ ವಾದಕ್ಕೆ ನನ್ನ ಸ್ಟಾಂಪು ಗೆಳೆಯರು ಹೇಳೋ ಆಕ್ಷೇಪಗಳನ್ನೂ ನೋಡೋಣ.

ಮೊದಲನೇದು, "ಠಸ್ಸೆ ಸ್ಟಾಂಪನ್ನ ಹಾಳು ಮಾಡುತ್ತೆ, ಆದಷ್ಟು ಕಮ್ಮಿ ಮಸಿ ಬಿದ್ದದ್ದೇ ಒಳ್ಳೇದು." ಸ್ಟಾಂಪಿನ ಚಿತ್ರವೇ ನಿಮ್ಮ ಸಂಗ್ರಹ ಆದರೆ ಸರಿ. ಅದಕ್ಕೆ ಬಳಸದ ಹೊಸ ಸ್ಟಾಂಪು ಸಿಗುತ್ತಲ್ಲ, ಅದನ್ನೇ ಕೊಳ್ಳಿ. ಬಳಸಿದ ಸ್ಟಾಂಪೇ ಬೇಕು, ಆದರೆ ಬಳಸಿದ ಗುರುತು ಬೇಡ ಅನ್ನೋದು ಯಾವ ನ್ಯಾಯ?

ಎರಡನೇದು, "ಜಾಗ ಸಾಲಲ್ಲ." ಒಪ್ಪಿದೆ. ಸ್ಟಾಂಪು ಬೆರಳಷ್ಟು, ಲಕೋಟೆ ಅಂಗೈಯಷ್ಟು. ಹಾಗಾದರೆ ಕಮ್ಮಿ ಕೂಡಿಡಿ. ಸಾವಿರ ಸ್ಟಾಂಪಿಗಿಂತ ಪೂರ್ತಿ ಉಳಿದ ಐವತ್ತು ಲಕೋಟೆ ಹೆಚ್ಚು ಮಾತಾಡುತ್ತವೆ. ಕೆಲವು ವ್ಯಾಪಾರಿಗಳು ಠಸ್ಸೆಯ ಸುತ್ತ ಚೌಕವಾಗಿ ಕತ್ತರಿಸಿ ಮಾರ್ತಾರೆ. ಅದೂ ತಪ್ಪೇ. ಮುಂದಿನ ಠಸ್ಸೆ ಹೊರಟಿದ್ದು ಹೇಳುತ್ತೆ, ಹಿಂದಿನದು ಮುಟ್ಟಿದ್ದು ಹೇಳುತ್ತೆ. ಮುತ್ಯಾನ ಕಾರ್ಡಿನಲ್ಲಿ ಒಂದೇ ಠಸ್ಸೆ ಉಳಿದಿದ್ದರೆ ಅದರಿಂದ ಏನೂ ತಿಳೀತಿರಲಿಲ್ಲ. ಎರಡರ ನಡುವಿನ ಅಂತರವೇ ಸಾಕ್ಷಿ.

ಮೂರನೇದು ಸ್ವಲ್ಪ ಖಾರದ್ದು. "ಬ್ರಿಟಿಷರ ಠಸ್ಸೆ ಮೇಲೆ ನಿನಗ್ಯಾಕೆ ಇಷ್ಟು ಮೋಹ? ಗುಲಾಮಗಿರಿಯ ಗುರುತು ಅದು." ಇದನ್ನ ತಳ್ಳಿಹಾಕೋಕೆ ಆಗಲ್ಲ. ಅವರು ಅಂಚೆ ಕಟ್ಟಿದ್ದು ನಮ್ಮ ಮುತ್ಯಾನ ಕ್ಷೇಮಸಮಾಚಾರಕ್ಕಲ್ಲ. ಸೈನ್ಯ, ಕಂದಾಯ, ವ್ಯಾಪಾರ, ಇವು ಮೊದಲು. 1898ರ ಅಂಚೆ ಕಾಯ್ದೆಯಲ್ಲಿ ಸರ್ಕಾರ ಜನರ ಪತ್ರ ತಡೆಹಿಡಿಯೋಕೆ ಅಧಿಕಾರ ಇಟ್ಟುಕೊಂಡಿತ್ತು. (2024ರಲ್ಲಿ ಜಾರಿಯಾದ ಹೊಸ ಕಾಯ್ದೆಯಲ್ಲೂ ಆ ಅಧಿಕಾರ ಉಳಿದಿದೆ, ಅದು ಬೇರೆ ಮಾತು.) ಆದರೆ ಠಸ್ಸೆ ಹೊಡೆದ ಕೈ ಯಾರದ್ದು? ಚೀಲ ಹೊತ್ತ ಹೆಗಲು ಯಾರದ್ದು? ಕಾರ್ಡಿನಲ್ಲಿರೋ ನೋವು ಯಾರದ್ದು? ರಾಜನ ತಲೆ ಇರೋದು ಸ್ಟಾಂಪಿನಲ್ಲಿ. ನಮ್ಮ ಊರು, ನಮ್ಮ ದಿನ ಇರೋದು ಠಸ್ಸೆಯಲ್ಲಿ. ರಾಜನ ತಲೆ ಕಿತ್ತು ಆಲ್ಬಮಿನಲ್ಲಿ ಜೋಪಾನ ಮಾಡಿ ನಮ್ಮ ಊರಿನ ಹೆಸರನ್ನ ತಿಪ್ಪೆಗೆ ಎಸೆದ ನನಗಿಂತ ದೊಡ್ಡ ಗುಲಾಮ ಇರ್ತಾನಾ ಹೇಳಿ?

ನಾಲ್ಕನೇದು ನನ್ನದೇ ಅಳುಕು. ಫುಟ್‌ಪಾತಿನಲ್ಲಿ ಕೊಂಡ ಲಕೋಟೆಯ ಒಳಗೆ ಯಾರದೋ ಮನೆಯ ಕಾಗದ ಇರುತ್ತೆ. ಓದಬಹುದಾ? ನಾನು ಮಾಡಿಕೊಂಡಿರೋ ನಿಯಮ ಇದು: ಠಸ್ಸೆ ಎಲ್ಲರಿಗೂ ತೋರಿಸ್ತೀನಿ, ಒಳಗಿನ ಮಾತು ತೋರಿಸಲ್ಲ, ಹೆಸರು ವಿಳಾಸ ಮುಚ್ಚಿಯೇ ಸ್ಕ್ಯಾನ್ ಹಂಚಿಕೊಳ್ತೀನಿ. ನಮ್ಮ ಮುತ್ಯಾನ ಕಾರ್ಡಿನ ಚಿತ್ರ ಕೂಡ ಇಲ್ಲಿ ಹಾಕ್ತಿಲ್ಲ. ಅಜ್ಜನಿಗೆ ಅದು ಇಷ್ಟ ಇಲ್ಲ.

*

ಇನ್ನು ಅಂಚೆಯವರಲ್ಲಿ ಒಂದು ವಿನಂತಿ. ಠಸ್ಸೆ ದಯವಿಟ್ಟು ಓದೋ ಹಾಗೆ ಹೊಡೀರಿ. ಇವತ್ತು ನನಗೆ ಬರೋ ಟಪಾಲಿನಲ್ಲಿ ಅರ್ಧಕ್ಕರ್ಧ ಠಸ್ಸೆ ಬರೀ ಮಸಿಯ ಗೀರು, ಎಷ್ಟೋ ಸಲ ಪೆನ್ನಿನಲ್ಲಿ ಎಳೆದ ಗೆರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿತು. ಈಗ ಎಲ್ಲಾ ಬಾರ್‌ಕೋಡು. ಟ್ರ್ಯಾಕಿಂಗ್ ಬೇಡ ಅಂತ ನಾನಂತೂ ಹೇಳಲ್ಲ, ಅದೇ ನನ್ನ ಹೊಟ್ಟೆಪಾಡು :) ಆದರೆ ಆ ದಾಖಲೆ ಇರೋದು ಇಲಾಖೆಯ ಸರ್ವರಿನಲ್ಲಿ. ಹಳೇ ಡೇಟಾ ಅಳಿಸೋದು ಹೇಗೆ ಅಂತ ನಮ್ಮಂಥವರಿಗೆ ಚೆನ್ನಾಗಿ ಗೊತ್ತು, ಒಂದು ಸಾಲಿನ ಕೆಲಸ. ಠಸ್ಸೆಯ ದಾಖಲೆ ಪತ್ರದ ಜೊತೆಗೇ ಪತ್ರ ಪಡೆದವನ ಮನೆಗೆ ಹೋಗುತ್ತೆ. ಎಂಬತ್ತು ವರ್ಷ ಅಟ್ಟದ ಮೇಲೆ ಕರೆಂಟಿಲ್ಲದೆ, ಪಾಸ್‌ವರ್ಡಿಲ್ಲದೆ ಕೂತಿರುತ್ತೆ. ಹಾಕಿದವನ ಮಾತು ನಿಜವೋ ಮುಟ್ಟಿಸಿಕೊಂಡವನ ಮಾತು ನಿಜವೋ ಅಂತ ಕೇಳಿದರೆ ಪಕ್ಷಪಾತ ಇಲ್ಲದೆ ಹೇಳುತ್ತೆ.

ನಿಮ್ಮಲ್ಲಿ ವಿನಂತಿ ಇನ್ನೂ ಸರಳ. ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ದಾರದ ಕಟ್ಟು ಸಿಕ್ಕರೆ ರದ್ದಿಯವನಿಗೆ ಕೊಡೋ ಮೊದಲು ಒಂದು ಸಂಜೆ ಅದರ ಜೊತೆ ಕೂರಿ. ನೀರು ತಾಗಿಸಬೇಡಿ, ಅಂಟು ಟೇಪು ಹಚ್ಚಬೇಡಿ, ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ಎರಡೂ ಬದಿ ಫೋಟೋ ತೆಗೀರಿ, ಹಿಂಬದಿ ಮರೀಬೇಡಿ. ಮನಿ ಆರ್ಡರಿನ ಕೆಳಗಿನ ಚೀಟಿ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ, ಅದರಲ್ಲೂ ಠಸ್ಸೆ ಇರುತ್ತೆ, ಎರಡು ಸಾಲು ಕ್ಷೇಮವೂ ಇರುತ್ತೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಮುಂದೆಯೇ ಬಿಚ್ಚಿ. ಠಸ್ಸೆ ದಿನ ಹೇಳುತ್ತೆ, ಆ ದಿನ ಏನಾಯ್ತು ಅಂತ ಹೇಳೋರು ಅವರೇ.

ನಾನು ವಾಪಸ್ ಹೊರಡೋ ದಿನ ಅಜ್ಜ ಆ ಕಾರ್ಡು ಕೇಳಿ ಇಸ್ಕೊಂಡರು. ಮುತ್ಯಾನ ಅಣ್ಣನ ಮೊಮ್ಮಗ ಅದೇ ಓಣಿಯಲ್ಲಿದ್ದಾನೆ, ನನಗೆ ವರಸೆಯಲ್ಲಿ ಕಾಕಾ ಆಗಬೇಕು. ಮದುವೆ ಮುಂಜಿಗೂ ನಮ್ಮಲ್ಲಿ ಹೋಗಿಬರೋದಿಲ್ಲ. "ಅವಗ ತೋರಿಸಿ ಬರತೇನಿ" ಅಂತ ಹೇಳಿ ಅಜ್ಜ ಕೋಲು ತಗೊಂಡರು. ನಾನು ಹಿಡ್ಕೊಳ್ತೀನಿ ಅಂದರೆ ಬೇಡ ಅಂದರು. ಬಸ್ಸಿಗೆ ಹೊತ್ತಾಗಿತ್ತು, ಆಮೇಲೆ ಏನಾಯ್ತು ನೋಡಲಿಲ್ಲ. ರಾತ್ರಿ ಅಪ್ಪ ಫೋನಿನಲ್ಲಿ ಹೇಳಿದರು, ಅಜ್ಜ ಅಲ್ಲೇ ಚಹಾ ಕುಡಿದು ಬಂದರಂತೆ.

ನಿಮ್ಮ ಅಟ್ಟದಲ್ಲಿ ಏನಿದೆ?